ಆಫ್ರಿಕದ ಪ್ರವಾಸವೂ ಭಕ್ಷೀಸಿನ ಮರ್ಯಾದೆಯೂ

ಹಿಂದೆ ಕಾಶಿಗೆ ಹೋಗಿಬಂದವರನ್ನು ಊರವರೆಲ್ಲ ಸೇರಿ ಎದುರುಗೊಳ್ಳುತ್ತಿದ್ದರು. ಈಗ ನಮ್ಮ ಮಧ್ಯಮವರ್ಗದ ಗೃಹಸ್ಥರು, ಮಕ್ಕಳ ಸಂಪಾದನೆಯಿಂದಲೋ ತಮ್ಮ ನಿವೃತ್ತಿಯ ಗಂಟಿನಿಂದಲೋ, ಕೀನ್ಯಾ ಟಾಂಜಾನಿಯಾ ದಕ್ಷಿಣ ಆಫ್ರಿಕಗಳವರೆಗೆ ಹೋಗಿ ಸಿಂಹ ಗಜಾದಿಗಳನ್ನು ಅವುಗಳ ನೆಲದಲ್ಲಿಯೇ ಕಂಡು ಬರುವುದು ಅಪೂರ್ವವಾಗಿ ಉಳಿದಿಲ್ಲ. ಹೊರಡುವ ಮುನ್ನ ಇವರು ವಿಚಾರಿಸುವ ವಿಷಯಗಳು ಬಹಳ: ಚುಚ್ಚುಮದ್ದು, ಚಳಿಯುಡುಪು, ಉಪ್ಪಿನಕಾಯಿಯ ಭರಣಿಯನ್ನು ವಿಮಾನದಲ್ಲಿ ಬಿಡುವರೋ ಇಲ್ಲವೋ ಎಂಬುದು. ವಿಚಾರಿಸದೆ ಬಿಡುವ ವಿಷಯವೊಂದುಂಟು. ಅಲ್ಲಿ ತಮಗೆ ಸೇವೆ ಮಾಡುವವರಿಗೆ ಏನು ಕೊಡಬೇಕು, ಯಾರ ಕೈಗೆ ಕೊಡಬೇಕು, ಯಾವಾಗ ಕೊಡಬೇಕು? ಇದನ್ನು ಮೊದಲೇ ನಿಶ್ಚಯಿಸದವರು ಕಡೆಯ ದಿನದ ಮುಂಜಾನೆ ಪೆಟ್ಟಿಗೆ ಕಟ್ಟುತ್ತ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಕೈಗೆ ಸಿಕ್ಕಿದ ನೋಟನ್ನು ಎದುರಿಗೆ ಸಿಕ್ಕಿದವನಿಗೆ ತುರುಕಿ ಗಾಡಿ ಹತ್ತುತ್ತಾರೆ. ಈ ತಿಂಗಳು ಆ ವಿಚಾರವನ್ನೇ ಬರೆಯೋಣವೆಂದಿದ್ದೇನೆ.

ಮೊದಲು ಶಬ್ದದ ಮಾತು. ಹಳೆಯ ಮೇಷ್ಟರ ಚಾಪಲ್ಯವೆಂದು ವಾಚಕರು ಕ್ಷಮಿಸಬೇಕು. ಸಫಾರಿ ಎಂಬುದಕ್ಕೆ ಸ್ವಾಹಿಲಿ ಭಾಷೆಯಲ್ಲಿ ಪ್ರಯಾಣವೆಂದಿಷ್ಟೇ ಅರ್ಥ. ಅರಬ್ಬಿಯ ಸಫರ್ ಎಂಬುದರಿಂದ ಬಂದ ಪದವದು. ಭಕ್ಷೀಸು ಕೂಡ ಬಕ್ಷಿಶಿ ಎಂಬ ರೂಪದಲ್ಲಿ ಆ ಭಾಷೆಯಲ್ಲಿದೆ. ಸಮುದ್ರದ ಈ ದಡಕ್ಕೂ ಆ ದಡಕ್ಕೂ ಅದು ಪಾರಸಿಯಿಂದ ಬಂದದ್ದು. ನಮ್ಮವರು ಇದನ್ನು ಮಹಾಪ್ರಾಣ ಹಚ್ಚಿ ಬರೆಯುತ್ತಾರೆಂದು ನಗುವವರಿದ್ದಾರೆ. ಆದರೆ ಪಾರಸಿಯ ಆ ಧಾತುವೂ ನಮ್ಮ ಭಜ್ ಧಾತುವೂ ಏಕಮೂಲದವು. ಭಾಗ, ವಿಭಾಗ ಎಂಬ ಮಾತುಗಳು ಹುಟ್ಟಿದುದು ಈ ಭಜ್ ಧಾತುವಿನಿಂದಲೇ. ಹಾಗಾದರೆ ಭಕ್ಷೀಸೆಂಬುದರ ಬೇರಿನಲ್ಲಿರುವುದು ಹಂಚಿಕೊಳ್ಳುವ ಅರ್ಥ. ಉಳ್ಳವನು ಇಲ್ಲದವನ ಕಡೆಗೆ ಎಸೆಯುವ ಕಾಸೆಂಬ ಭಾವವು ಆಮೇಲೆ ಅಂಟಿಕೊಂಡದ್ದು. ನಮ್ಮ ಗಾಡಿಯೂ ದುಕಾನೂ ಗಾರಿ, ದುಕಾ ಎಂದು ಸ್ವಾಹಿಲಿಯಲ್ಲಿ ದಿನಬಳಕೆಯ ಮಾತುಗಳಾಗಿವೆ. ೧೯೨೦ರವರೆಗೆ ಪೂರ್ವ ಆಫ್ರಿಕದ ಬ್ರಿಟಿಷ್ ಸೀಮೆಯಲ್ಲಿ ಚಲಾವಣೆಯಲ್ಲಿದ್ದ ನಾಣ್ಯವೂ ರೂಪಾಯಿಯೇ. ನಾವು ಅಲ್ಲಿಗೆ ಕೇವಲ ಅಪರಿಚಿತರಾಗಿ ಹೋಗುವುದಿಲ್ಲವೆಂಬುದಕ್ಕೆ ಇಷ್ಟನ್ನು ಹೇಳಿದೆ.

“ಅವರಿಗೆ ಯಜಮಾನನು ಸಂಬಳ ಕೊಡುವುದಿಲ್ಲವೆ? ನಾವು ಕಂಪನಿಗೆ ಲಕ್ಷಗಟ್ಟಲೆ ತೆತ್ತಿದ್ದೇವಲ್ಲ?” ಎಂದು ಕೇಳುವವರು ನಮ್ಮಲ್ಲಿ ಅನೇಕರು. ಪ್ರಶ್ನೆ ನ್ಯಾಯವಾದುದೇ. ಆದರೆ ಆ ಲಕ್ಷವು ಎಲ್ಲಿಗೆ ಹೋಯಿತೆಂಬುದನ್ನೂ ನೋಡಬೇಕಷ್ಟೆ. ೨೦೨೪ರ ಜುಲೈಯಿಂದೀಚೆಗೆ ಮಸಾಯಿ ಮಾರಾ ಅಭಯಾರಣ್ಯದೊಳಗೆ ಕಾಲಿಡುವುದಕ್ಕೆ ಹೊರದೇಶದ ಪ್ರವಾಸಿಯೊಬ್ಬನು ಜುಲೈಯಿಂದ ಡಿಸೆಂಬರಿನವರೆಗಿನ ತಿಂಗಳುಗಳಲ್ಲಿ ದಿನಕ್ಕೆ ೨೦೦ ಡಾಲರು ತೆರಬೇಕು. ದಂಪತಿಗಳಿಗೆ ದಿನವೊಂದಕ್ಕೆ ೪೦೦ ಆಯಿತು. ವಿಮಾನದ, ಬಿಡಾರದ, ದಲ್ಲಾಳಿಯ ಪಾಲು ಬೇರೆ. ಸೂರ್ಯೋದಯಕ್ಕೆ ಮುಂಚೆ ಎದ್ದು ಗಾಡಿ ಸಿದ್ಧಪಡಿಸಿ, ಹಗಲೆಲ್ಲ ಧೂಳಿನಲ್ಲಿ ನಡೆಸಿ, ರಾತ್ರಿ ಅದರ ಕೆಸರು ತೊಳೆದು ಮಲಗುವ ಸಾರಥಿಗೆ ಸೇರುವುದು ಕಡೆಯಲ್ಲಿ ಉಳಿದ ಸಣ್ಣ ಚೂರು. ಏಪ್ರಿಲ್, ಮೇ ತಿಂಗಳುಗಳ ದೊಡ್ಡ ಮಳೆಯಲ್ಲಿ ಬಿಡಾರಗಳು ಬರಿದಾಗಿರುತ್ತವೆ. ಕೆಲವು ಮುಚ್ಚಿಯೇ ಹೋಗುತ್ತವೆ. ೨೦೨೦ರ ಮಹಾಮಾರಿಯ ಕಾಲದಲ್ಲಂತೂ ಪ್ರವಾಸಿಗಳ ಬರವೇ ನಿಂತುಹೋಗಿತ್ತು. ಜನ ಬರುವ ನಾಲ್ಕು ತಿಂಗಳಲ್ಲಿ ಕೈಗೆ ಬಂದುದರಿಂದ ವರ್ಷದ ಶಾಲೆಯ ಫೀಜು, ಮನೆಯ ಅಕ್ಕಿಬೇಳೆ ಸಾಗಬೇಕಾದ ಸಂಸಾರಗಳು ಅವು. ಅಲ್ಲಿಯ ಪದ್ಧತಿಯೇ ಹೀಗೆಂದು ತಿಳಿದಮೇಲೆ ಪದ್ಧತಿ ಸರಿಯೋ ತಪ್ಪೋ ಎಂಬ ವಾದವನ್ನು ಸಾರಥಿಯ ಕೂಲಿಯ ಮೇಲೆ ನಡೆಸುವುದು ಯುಕ್ತವಲ್ಲ.

ಸಾರಥಿಯೆಂದೆನಷ್ಟೆ, ಆತನು ಬರಿಯ ಸಾರಥಿಯಲ್ಲ. ಕೀನ್ಯಾದಲ್ಲಿ ಈ ಮಾರ್ಗದರ್ಶಿಗಳ ಸಂಘವೊಂದು ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನವೆಂದು ಮೂರು ತರಗತಿಗಳ ಪದವಿ ಕೊಡುತ್ತದೆ. ಹುಲ್ಲಿನಲ್ಲಿ ಬಾಲದ ತುದಿ ಅಲುಗಿದ್ದನ್ನೂ, ಹದ್ದುಗಳು ಇಳಿಯುತ್ತಿರುವ ದಿಕ್ಕನ್ನೂ, ಜಿಂಕೆಗಳು ಕತ್ತೆತ್ತಿ ಒಂದೇ ಕಡೆ ನೋಡುವುದನ್ನೂ ಓದಿಕೊಂಡು ಅವನು ಗಾಡಿ ತಿರುಗಿಸುತ್ತಾನೆ. ವಿದ್ಯೆಯೆಂದರೆ ಇದೂ ವಿದ್ಯೆಯೇ. ಗುರುದಕ್ಷಿಣೆಯ ಮಾತು ಬಲ್ಲ ನಮಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಇನ್ನು ಲೆಕ್ಕ. ಕೀನ್ಯಾ ಟಾಂಜಾನಿಯಾಗಳಲ್ಲಿ ಒಬ್ಬನೇ ಸಾರಥಿಯು ಮೊದಲಿನಿಂದ ಕಡೆಯವರೆಗೆ ಜೊತೆಯಲ್ಲಿರುವುದು ವಾಡಿಕೆ. ಪ್ರವಾಸಿಯೊಬ್ಬನಿಗೆ ದಿನಕ್ಕೆ ೧೦ ಡಾಲರಿನಂತೆ ಆತನಿಗೆ ಕೊಡುವುದು ಸಾಮಾನ್ಯ ಮಟ್ಟ. ಬಹಳ ಮೆಚ್ಚಿದವರು ೧೫, ೨೦ ಕೊಡುವುದೂ ಉಂಟು. ಕೆಲವು ಕಂಪನಿಯವರು ತಲೆಗೆ ಎಣಿಸದೆ ಗಾಡಿಗೆ ದಿನಕ್ಕೆ ಇಷ್ಟು ಎಂದು ಸೂಚಿಸುತ್ತಾರೆ. ಎರಡರಲ್ಲಿ ಯಾವುದೆಂದು ಹೊರಡುವ ಮುನ್ನವೇ ಕಾಗದದಲ್ಲಿ ಕೇಳಿ ತಿಳಿಯತಕ್ಕದ್ದು. ನಮ್ಮ ದೇಶದಿಂದ ಗುಂಪುಗೂಡಿಸಿ ಕರೆದೊಯ್ಯುವ ಕಂಪನಿಗಳು ಭಕ್ಷೀಸಿನ ಹಣವನ್ನು ಮೊದಲೇ ಸೇರಿಸಿ ವಸೂಲು ಮಾಡುವುದೂ ಉಂಟು. ಅದು ಯಾರು ಯಾರಿಗೆ ಎಷ್ಟೆಷ್ಟು ಮುಟ್ಟುತ್ತದೆಂದು ಕೇಳುವ ಹಕ್ಕು ಹಣ ಕೊಟ್ಟವನಿಗೆ ಇದ್ದೇ ಇದೆ. ಬಿಡಾರದ ಉಳಿದ ಸಿಬ್ಬಂದಿಗೆ ಒಬ್ಬ ಅತಿಥಿಗೆ ರಾತ್ರಿಯೊಂದಕ್ಕೆ ೫ರಿಂದ ೧೦ ಡಾಲರು. ಸಾಮಾನು ಹೊತ್ತವನಿಗೆ ಪೆಟ್ಟಿಗೆಗೆ ಒಂದು ಡಾಲರು. ಆರು ಹಗಲು ಐದು ರಾತ್ರಿಗಳ ಪ್ರವಾಸಕ್ಕೆ ದಂಪತಿಗಳು ಹೋದರೆನ್ನೋಣ: ಸಾರಥಿಗೆ ೧೨೦, ಬಿಡಾರಕ್ಕೆ ೫೦, ಒಟ್ಟು ೧೭೦ ಡಾಲರು. ನಮ್ಮ ಹಣದಲ್ಲಿ ಹದಿನೈದು ಸಾವಿರಕ್ಕೆ ಸಮೀಪ. ಇದು ಸಣ್ಣ ಮೊತ್ತವಲ್ಲ. ಆದಕಾರಣವೇ ಇದನ್ನು ವಿಮಾನದ ದರದಂತೆ ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಬೇಕು. ಕಡೆಯಲ್ಲಿ ಸಾಮಾನು ಕೊಂಡು ಉಳಿದುದರಲ್ಲಿ ಕೊಡೋಣವೆಂದರೆ ಉಳಿಯುವುದಿಲ್ಲ. ಇದನ್ನು ಭರಿಸಲಾಗದಿದ್ದರೆ ಒಂದು ದಿನ ಕಡಿಮೆ ಇದ್ದು ಬರುವುದು ಮೇಲೆಂದು ನನ್ನ ಅಭಿಪ್ರಾಯ.

ಬಿಡಾರದ ಭಕ್ಷೀಸನ್ನು ಕಚೇರಿಯಲ್ಲಿಯೋ ಊಟದ ಮನೆಯ ಬಳಿಯೋ ಇಟ್ಟಿರುವ ಬೀಗದ ಪೆಟ್ಟಿಗೆಯಲ್ಲಿ ಹಾಕುತ್ತಾರೆ. ನಮ್ಮ ಜನಕ್ಕೆ ಈ ಪೆಟ್ಟಿಗೆಯೆಂದರೆ ಅನುಮಾನ. ಕಂಡವನ ಕೈಗೆ ಕೊಟ್ಟರೆ ಅವನ ಮುಖದ ಸಂತೋಷವನ್ನಾದರೂ ನೋಡಬಹುದೆಂಬ ಆಸೆ. ಆದರೆ ನಮಗೆ ಕಾಣುವವನು ತಟ್ಟೆ ತಂದಿಟ್ಟು ನಗುವವನೊಬ್ಬನೇ. ಬೆಳಗಿನ ಜಾವದ ಚಳಿಯಲ್ಲಿ ನೀರು ಕಾಯಿಸಿ ಡೇರೆಯ ಹಿಂದಿನ ತೊಟ್ಟಿಗೆ ತುಂಬಿದವನು, ಧೂಳುಗೆಂಪಾದ ಬಟ್ಟೆಯನ್ನು ಕೈಯಲ್ಲಿ ಒಗೆದವಳು, ಪಾತ್ರೆ ತಿಕ್ಕಿದವನು, ಇವರು ಕಣ್ಣಿಗೆ ಬೀಳುವುದಿಲ್ಲ. ಬೇಲಿಯಿಲ್ಲದ ಬಿಡಾರಗಳಲ್ಲಿ ಕತ್ತಲಾದ ಮೇಲೆ ಅತಿಥಿಯು ಒಂಟಿಯಾಗಿ ಹೆಜ್ಜೆಯಿಡುವಂತಿಲ್ಲ. ಅಸ್ಕರಿ ಎಂಬ ಕಾವಲುಗಾರನು ದೀಪ ಹಿಡಿದು ಜೊತೆಗೆ ಬಂದು ಡೇರೆಗೆ ಮುಟ್ಟಿಸುತ್ತಾನೆ. ನಾವು ಮಲಗಿದಮೇಲೆ ಅವನು ಎಚ್ಚರವಾಗಿರುತ್ತಾನೆ. ನಾವು ಏಳುವ ಹೊತ್ತಿಗೆ ಅವನ ಪಾಳಿ ಮುಗಿದಿರುತ್ತದೆ. ಪೆಟ್ಟಿಗೆಯಿರುವುದು ಇವರಿಗಾಗಿ.

ಸಸ್ಯಾಹಾರಿಗಳಾದ ನಮ್ಮವರು ಅಡಿಗೆಯವನನ್ನು ವಿಶೇಷವಾಗಿ ನೆನೆಯಬೇಕು. ಹೋದ ವರ್ಷ ಮಗಳ ಸಂಸಾರದ ಜೊತೆಗೆ ನಾನು ಮಾರಾ ಸೀಮೆಗೆ ಹೋಗಿದ್ದಾಗ ನಮ್ಮ ಪಂಕ್ತಿಯಲ್ಲಿ ಈರುಳ್ಳಿ ಬೇಡವೆನ್ನುವವರೊಬ್ಬರು, ಮೊಟ್ಟೆ ಸೋಕಿದ ಪಾತ್ರೆ ಬೇಡವೆನ್ನುವವರೊಬ್ಬರು ಇದ್ದರು. ಚಪಾತಿಯು ಅಲ್ಲಿಯವರಿಗೆ ಹೊಸದಲ್ಲ. ಅವರ ಮನೆಗಳಲ್ಲಿಯೂ ಆ ಹೆಸರಿನಿಂದಲೇ ಮಾಡುತ್ತಾರೆ. ಆದರೆ ನಲವತ್ತು ಮಂದಿಯ ಮಾಂಸದಡಿಗೆಯ ನಡುವೆ ನಮ್ಮ ಐವರಿಗಾಗಿ ಬೇರೆ ಒಲೆ, ಬೇರೆ ಸೌಟು ಇಟ್ಟುಕೊಂಡು ಮೂರು ಹೊತ್ತು ನಡೆಸಿದ ಆ ಮನುಷ್ಯನನ್ನು ನಾಲ್ಕನೆಯ ದಿನ ಅಡಿಗೆಯ ಮನೆಗೆ ಕೇಳಿಕೊಂಡು ಹೋಗಿ ಕಂಡೆವು. ಐವತ್ತರ ಮೇಲಿನ ವಯಸ್ಸು. ಹಿಟ್ಟಿನ ಕೈಯನ್ನು ಒರೆಸಿಕೊಂಡು ನಿಂತನು. ಸಾಮಾನ್ಯದ ಪೆಟ್ಟಿಗೆಗೆ ಹಾಕುವುದನ್ನು ಹಾಕಿ, ಅವನಿಗೆ ಬೇರೆಯಾಗಿ ಕೊಟ್ಟೆವು. ಹೀಗೆ ಒಬ್ಬರಿಗೆ ವಿಶೇಷವಾಗಿ ಕೊಡುವುದಾದರೆ ಪೆಟ್ಟಿಗೆಯ ಪಾಲನ್ನು ಕತ್ತರಿಸಿ ಕೊಡಬಾರದು, ಅದರ ಮೇಲೆ ಕೊಡಬೇಕು. ಒಬ್ಬನಿಗೆ ಅತಿಯಾಗಿ ಸುರಿದು ಉಳಿದವರನ್ನು ಮರೆತರೆ ನಾವು ಹೋದಮೇಲೆ ಬಿಡಾರದಲ್ಲಿ ಮನಸ್ತಾಪ ಉಳಿಯುತ್ತದೆ.

ದಕ್ಷಿಣದ ಸೀಮೆಗಳಲ್ಲಿ, ಎಂದರೆ ಬೋಟ್ಸ್ವಾನಾ, ದಕ್ಷಿಣ ಆಫ್ರಿಕ ಮೊದಲಾದ ಕಡೆ, ವ್ಯವಸ್ಥೆ ಸ್ವಲ್ಪ ಬೇರೆ. ಅಲ್ಲಿ ಬಿಡಾರದಿಂದ ಬಿಡಾರಕ್ಕೆ ಚಿಕ್ಕ ವಿಮಾನದಲ್ಲಿ ಹೋಗುವುದು ಹೆಚ್ಚು. ಒಂದೊಂದು ಬಿಡಾರದಲ್ಲಿಯೂ ಮಾರ್ಗದರ್ಶಿ ಬದಲಾಗುತ್ತಾನೆ. ಆದುದರಿಂದ ಎಲ್ಲವನ್ನೂ ಕಡೆಗೆ ಕೊಡೋಣವೆಂದು ಇಟ್ಟುಕೊಂಡರೆ ಮೊದಲಿನವರಿಗೆ ತಪ್ಪಿತು. ದಕ್ಷಿಣ ಆಫ್ರಿಕದ ಖಾಸಗಿ ಅರಣ್ಯಗಳಲ್ಲಿ ಗಾಡಿಯ ಮೂತಿಯ ಮೇಲೆ ಹೊರಚಾಚಿದ ಪೀಠದಲ್ಲಿ ಹೆಜ್ಜೆ ಗುರುತಿಸುವವನೊಬ್ಬನು ಕುಳಿತಿರುತ್ತಾನೆ. ಮಾತನಾಡುವವನು ಮಾರ್ಗದರ್ಶಿ, ಮೌನವಾಗಿ ನೆಲವನ್ನು ಓದುವವನು ಇವನು. ಇವನಿಗೂ ಪ್ರತ್ಯೇಕವಾಗಿ, ಮಾರ್ಗದರ್ಶಿಗೆ ಕೊಟ್ಟುದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಇವನ ಕೈಗೇ ಕೊಡುವುದು ಕ್ರಮ. ಬೋಟ್ಸ್ವಾನಾದವರು ಕೊಡುವಾಗ ಎಡಗೈಯಿಂದ ಬಲಮೊಣಕೈಯನ್ನು ಮುಟ್ಟಿಕೊಂಡು ಬಲಗೈಯನ್ನು ಚಾಚುತ್ತಾರೆ. ಅವರ ನಾಣ್ಯದ ಹೆಸರು ಪುಲಾ. ಆ ಮಾತಿಗೆ ಮಳೆಯೆಂದು ಅರ್ಥ. ನೀರಿನ ಬೆಲೆ ಬಲ್ಲ ಜನ.

ಮಕ್ಕಳು ಯುವಕರಾಗಿದ್ದರೆ ಸಫಾರಿಯ ಜೊತೆಗೆ ಟಾಂಜಾನಿಯಾದ ಕಿಲಿಮಂಜಾರೋ ಪರ್ವತವನ್ನೂ ಏರಿ ಬರುತ್ತೇವೆನ್ನುತ್ತಾರೆ. ಎತ್ತರ ೫೮೯೫ ಮೀಟರು. ಅಲ್ಲಿಯ ಭಕ್ಷೀಸಿನ ಲೆಕ್ಕ ದೊಡ್ಡದು, ಏಕೆಂದರೆ ನಾಲ್ವರು ಏರುವುದಕ್ಕೆ ಹದಿನೈದು ಮಂದಿ ಜೊತೆಗೆ ಬರಬೇಕಾಗಬಹುದು. ಡೇರೆ, ಒಲೆ, ಅಕ್ಕಿ, ನೀರು ಎಲ್ಲವೂ ಹಮಾಲರ ತಲೆಯ ಮೇಲೆ. ಒಬ್ಬನ ಹೊರೆ ೨೦ ಕಿಲೋಗ್ರಾಮು ಮೀರಬಾರದೆಂದು ನಿಯಮವಿದೆ; ಮೀರಿಸುವ ಕಂಪನಿಗಳೂ ಇವೆ. ಸರಿಯಾದ ಬೂಟು, ಉಣ್ಣೆ ಇಲ್ಲದೆ ಚಳಿಗೆ ಸಿಕ್ಕಿ ಸತ್ತ ಹಮಾಲರ ಸುದ್ದಿ ಅಪರೂಪವಲ್ಲ. ಇವರ ಸ್ಥಿತಿಯನ್ನು ನೋಡುವುದಕ್ಕೆಂದೇ ೨೦೦೩ರಲ್ಲಿ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಹುಟ್ಟಿತು. ಇಲ್ಲಿ ಲೆಕ್ಕವು ಇಡೀ ತಂಡಕ್ಕೆ: ದಿನಕ್ಕೆ ಮುಖ್ಯ ಮಾರ್ಗದರ್ಶಿಗೆ ೨೦ ಡಾಲರು, ಇಬ್ಬರು ಸಹಾಯಕರಿಗೆ ತಲಾ ೧೫, ಅಡಿಗೆಯವನಿಗೆ ೧೨, ಹನ್ನೊಂದು ಹಮಾಲರಿಗೆ ತಲಾ ೬ ಎಂದರೂ ೧೨೮ ಆಗುತ್ತದೆ. ಏಳು ದಿನಕ್ಕೆ ೮೯೬. ನಾಲ್ವರಲ್ಲಿ ಹಂಚಿದರೆ ತಲೆಗೆ ೨೨೪. ಕಡೆಯ ದಿನ ಎಲ್ಲರೂ ಸಾಲಾಗಿ ನಿಂತು ಹಾಡುತ್ತಾರೆ, ಕುಣಿಯುತ್ತಾರೆ. ಆಗ ಮೊತ್ತವನ್ನು ಮುಖ್ಯನ ಕೈಗೆ ಒಟ್ಟಾಗಿ ಕೊಟ್ಟು ಹೊರಟುಬಿಡಬಾರದು. ಯಾರಿಗೆ ಎಷ್ಟೆಂದು ಎಲ್ಲರಿಗೂ ಕೇಳುವಂತೆ ಓದಿ, ಆಯಾ ಮನುಷ್ಯನ ಕೈಗೇ ಮುಟ್ಟಿಸತಕ್ಕದ್ದು. ಒಟ್ಟಾಗಿ ಕೊಟ್ಟ ಹಣವು ಸಾಲಿನ ಕಡೆಯವನವರೆಗೆ ಮುಟ್ಟದೆ ಹೋಗುವುದುಂಟು.

ರುವಾಂಡಾದಲ್ಲಿ ಗೊರಿಲ್ಲಾಗಳನ್ನು ನೋಡುವುದಕ್ಕೆ ಪರವಾನಗಿಯೇ ೧೫೦೦ ಡಾಲರು; ಎಂಟು ಮಂದಿಗೆ ಒಂದು ಗಂಟೆ. ಅಲ್ಲಿ ಬೆಟ್ಟದ ಬುಡದಲ್ಲಿ ಹೊರೆಯಾಳುಗಳು ಕಾದಿರುತ್ತಾರೆ. ಹೊರಲು ಸಾಮಾನಿಲ್ಲದಿದ್ದರೂ ಒಬ್ಬನನ್ನು ಗೊತ್ತುಮಾಡಿಕೊಳ್ಳಿ. ಹಿಂದೆ ಕಾಡಿನಲ್ಲಿ ಉರುಳು ಒಡ್ಡುತ್ತಿದ್ದವರಲ್ಲಿ ಕೆಲವರು ಈ ಕೂಲಿಯ ದೆಸೆಯಿಂದ ಉರುಳನ್ನು ಬಿಟ್ಟಿದ್ದಾರೆ. ಜಾರುವ ಇಳಿಜಾರಿನಲ್ಲಿ ನಮ್ಮ ವಯಸ್ಸಿನವರಿಗೆ ಅವನ ಕೈ ಬೇಕಾಗಿಯೇ ಬರುತ್ತದೆ.

ಇಷ್ಟು ಕೊಡುವ ಮಾತಾಯಿತು. ಕೊಡಬಾರದ ಸಮಯವೊಂದಿದೆ, ಈ ಲೇಖನವನ್ನು ಬರೆಯುವುದಕ್ಕೆ ಮುಖ್ಯ ಕಾರಣವೇ ಅದು. ಗಾಡಿಯಲ್ಲಿ ಕುಳಿತ ಮೊದಲ ದಿನವೇ ಕೆಲವರು ಸಾರಥಿಯ ಹೆಗಲು ತಟ್ಟಿ, “ನಮಗೆ ಚೀತಾ ಹತ್ತಿರದಿಂದ ತೋರಿಸು, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ” ಎನ್ನುತ್ತಾರೆ. ಸಲಿಗೆಯ ಮಾತೆಂದು ಅವರ ಭಾವನೆ. ಸಂಸ್ಕೃತದಲ್ಲಿ ಸಂತೋಷಪಟ್ಟು ಕೊಡುವುದಕ್ಕೆ ಪಾರಿತೋಷಿಕವೆಂದೂ, ಕೆಲಸ ಕೆಡಿಸುವುದಕ್ಕೆ ಮುಂದಾಗಿ ಕೊಡುವುದಕ್ಕೆ ಉತ್ಕೋಚವೆಂದೂ ಬೇರೆ ಬೇರೆ ಹೆಸರಿದೆ. ಕೀನ್ಯಾದಲ್ಲಿ ಲಂಚಕ್ಕೆ ಚಾಯ್ ಎಂದೇ ಸಂಕೇತ. ನಮ್ಮಲ್ಲಿ ಕಾಫಿ ತಿಂಡಿಗೆ ಎನ್ನುವುದಿಲ್ಲವೆ, ಹಾಗೆ. ಮೇಲಿನ ಮಾತು ಯಾವ ಜಾತಿಗೆ ಸೇರುತ್ತದೆಂದು ವಾಚಕರೇ ನೋಡಲಿ.

ಮಾರಾ ಅಭಯಾರಣ್ಯದಲ್ಲಿ ದಾರಿ ಬಿಟ್ಟು ಹುಲ್ಲಿನ ಮೇಲೆ ಗಾಡಿ ಹಾಯಿಸಕೂಡದು, ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಕೂಡದು, ೨೫ ಮೀಟರಿಗಿಂತ ಸಮೀಪಕ್ಕೆ ಹೋಗಕೂಡದು ಎಂಬ ನಿಯಮಗಳಿವೆ. ಸಾರಥಿಗೆ ಇವು ಗೊತ್ತು. ಮುರಿದರೆ ದಂಡ ತೆರುವವನೂ, ಕೆಲಸ ಕಳೆದುಕೊಳ್ಳುವವನೂ ಅವನೇ. ಆದರೆ ಎದುರಿಗೆ ಭಕ್ಷೀಸಿನ ಆಸೆ, ಹಿಂದೆ ಕ್ಯಾಮರಾ ಹಿಡಿದು ಅವಸರಪಡಿಸುವ ಆರು ಜನ. ಅಕ್ಕಪಕ್ಕದ ಗಾಡಿ ಮುಂದೆ ಹೋದರೆ ತನ್ನ ಗಿರಾಕಿಗಳು ಮುನಿದಾರೆಂಬ ಭಯ. ಒಬ್ಬನು ಮುಂದೆ ಸರಿದರೆ ಹತ್ತು ಮಂದಿ ಸರಿಯುತ್ತಾರೆ.

ಅದರ ಫಲವನ್ನು ಅನುಭವಿಸುವುದು ಚೀತಾ. ನಮ್ಮ ಹಿಂದಿನವರು ಸಿವಂಗಿಯೆಂದು ಕರೆಯುತ್ತಿದ್ದ ಈ ಮೃಗ ನಮ್ಮ ದೇಶದಲ್ಲಿ ಅಳಿದುಹೋಗಿ, ೨೦೨೨ರಲ್ಲಿ ನಮೀಬಿಯಾದಿಂದ ಕೂನೋ ಅರಣ್ಯಕ್ಕೆ ತರಲ್ಪಟ್ಟಿತು. ಸಿಂಹ ಕತ್ತೆಕಿರುಬಗಳು ರಾತ್ರಿ ಬೇಟೆಯಾಡಿದರೆ ಇದು ಬಹುಮಟ್ಟಿಗೆ ಹಗಲಿನಲ್ಲಿ ಬೇಟೆಯಾಡುತ್ತದೆ; ಗಾಡಿಗಳು ಮುತ್ತುವ ಹೊತ್ತೂ ಅದೇ. ಫೆಮ್ಕೆ ಬ್ರೂಖೈಸ್ ಎಂಬ ವಿದುಷಿಯು ಮಾರಾ ಸೀಮೆಯಲ್ಲಿ ವರ್ಷಗಟ್ಟಲೆ ತಾಯಿ ಚೀತಾಗಳನ್ನು ಗಮನಿಸಿ ೨೦೧೮ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಪ್ರವಾಸಿಗಳ ಸಂದಣಿ ಕಡಿಮೆಯಿರುವ ಎಡೆಗಳಲ್ಲಿ ಒಂದು ಸೂಲಿನ ಮರಿಗಳಲ್ಲಿ ಬೆಳೆದು ತಾಯಿಯನ್ನು ಅಗಲುವ ವಯಸ್ಸಿಗೆ ಬರುವುವು ಸರಾಸರಿ ೨.೩; ಸಂದಣಿ ಹೆಚ್ಚಿರುವ ಎಡೆಗಳಲ್ಲಿ ೦.೨. ಎಂದರೆ ಐದು ಸೂಲುಗಳಿಗೆ ಒಂದು ಮರಿ. ಬೇಟೆ ತಪ್ಪಿದ್ದರಿಂದಲೋ, ತಾಯಿಯು ಬೆದರಿ ತಾವು ಬದಲಿಸಿದ್ದರಿಂದಲೋ, ಗಾಡಿಗಳ ನಡುವೆ ಮರಿಗಳು ಅಗಲಿಹೋದುದರಿಂದಲೋ, ಕಾರಣಗಳು ಹಲವು ಇರಬಹುದು. ಯಾವ ಗಾಡಿಯೂ ಮರಿಯನ್ನು ತುಳಿಯಬೇಕಾಗಿಲ್ಲ. ಸುತ್ತ ನಿಂತರೆ ಸಾಕು.

ಆದುದರಿಂದ ಭಕ್ಷೀಸಿನ ಮಾತನ್ನು ಪ್ರವಾಸದ ನಡುವೆ ಎತ್ತಲೇಬಾರದು. ಹೇಳುವುದಿದ್ದರೆ ಮೊದಲ ಬೆಳಗ್ಗೆ ಬೇರೊಂದನ್ನು ಹೇಳಿ: “ನಮಗೆ ಅವಸರವಿಲ್ಲ, ದೂರದಿಂದಲೇ ನೋಡುತ್ತೇವೆ, ನಿಯಮ ಮೀರಬೇಡ.” ಸಾರಥಿಯ ಮುಖದಲ್ಲಿ ಒಂದು ಹೊರೆ ಇಳಿದಂತಾಗುತ್ತದೆ. ಯಾವ ದಿನ ಏನೂ ಕಾಣದೆ ಬರಿಯ ಹುಲ್ಲನ್ನೂ ಆಕಾಶವನ್ನೂ ನೋಡಿ ಹಿಂದಿರುಗಿದೆವೋ ಆ ದಿನದ ಕೂಲಿಯನ್ನು ಕಳೆಯಕೂಡದು. ಸಿಂಹವು ಅವನ ಆಳಲ್ಲ. ಅವನು ನಿಯಮಕ್ಕೆ ಕಟ್ಟುಬಿದ್ದು ಗಾಡಿ ನಿಲ್ಲಿಸಿದ್ದರಿಂದ ಒಳ್ಳೆಯ ಚಿತ್ರ ತಪ್ಪಿತೆಂದು ಕೈ ಬಿಗಿಹಿಡಿದರೆ, ಮುಂದಿನ ಗುಂಪಿಗೆ ಅವನು ನಿಲ್ಲಿಸುವನೆ? ಬದಲಿಗೆ ಇಂಥವನಿಗೆ ಸ್ವಲ್ಪ ಹೆಚ್ಚಾಗಿಯೇ ಕೊಟ್ಟು, ಯಾವುದಕ್ಕಾಗಿ ಕೊಟ್ಟೆವೆಂಬುದನ್ನು ಬಾಯಿಬಿಟ್ಟು ಹೇಳಬೇಕು.

ಹಣದ ರೂಪದ ವಿಚಾರವಾಗಿ ಕೆಲವು ಮಾತು. ವಿದೇಶದ ನೋಟುಗಳನ್ನು ಕೈಯಲ್ಲಿ ಒಯ್ಯುವುದಕ್ಕೆ ಪ್ರವಾಸವೊಂದಕ್ಕೆ ೩೦೦೦ ಡಾಲರುಗಳವರೆಗೆ ನಮ್ಮ ರಿಸರ್ವ್ ಬ್ಯಾಂಕಿನ ಅನುಮತಿಯಿದೆ. ಭಕ್ಷೀಸಿಗೆ ಬೇಕಾದುದು ಅದರೊಳಗೆ ಧಾರಾಳವಾಗಿ ಅಡಗುತ್ತದೆ. ಡಾಲರಿನ ನೋಟು ಹೊಸದಾಗಿರಲಿ. ೨೦೦೬ಕ್ಕೆ ಹಿಂದೆ ಅಚ್ಚಾದುದನ್ನೂ, ಹರಿದುದನ್ನೂ, ಮಸಿ ತಾಗಿದುದನ್ನೂ ಪೂರ್ವ ಆಫ್ರಿಕದಲ್ಲಿ ಅನೇಕರು ಮುಟ್ಟುವುದಿಲ್ಲ. ಒಂದು, ಐದು ಡಾಲರುಗಳ ಚಿಲ್ಲರೆ ನೋಟುಗಳಿಗೆ ಅಲ್ಲಿಯ ಹಣ ಬದಲಿಸುವವರು ಕಡಿಮೆ ದರ ಕೊಡುತ್ತಾರೆ. ಪಟ್ಟಣ ದೂರವಾದ ಬಿಡಾರದ ಕೆಲಸದವನಿಗೆ ಅಲ್ಲಿಯ ಷಿಲ್ಲಿಂಗಿನಲ್ಲಿಯೇ ಕೊಟ್ಟರೆ ಉಪಕಾರ. ವಿದೇಶದ ನಾಣ್ಯಗಳನ್ನಂತೂ ಯಾರೂ ಬದಲಿಸಿ ಕೊಡುವುದಿಲ್ಲ. ಅವನ್ನು ಕೊಡುವುದು ಮಗುವಿಗೆ ಆಟಿಕೆ ಕೊಟ್ಟಂತೆ. ಊರಿನಿಂದ ಹೊರಡುವಾಗಲೇ ಹತ್ತು ಕಾಗದದ ಲಕೋಟೆಗಳನ್ನು ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಚೀಲ ಬೇಡ. ಕೀನ್ಯಾದಲ್ಲಿ ೨೦೧೭ರಿಂದಲೂ ಟಾಂಜಾನಿಯಾದಲ್ಲಿ ೨೦೧೯ರಿಂದಲೂ ಅದಕ್ಕೆ ನಿಷೇಧವಿದೆ. ಲಕೋಟೆಯ ಮೇಲೆ ಹೆಸರು ಬರೆದು, ಹತ್ತು ಜನರ ಮುಂದೆ ಎಣಿಸದೆ, ಬಲಗೈಯಲ್ಲಿ ಕೊಟ್ಟು “ಅಸಾಂತೆ ಸಾನಾ” ಎಂದರೆ ಬಹಳ ಉಪಕಾರವಾಯಿತೆಂದು ಅರ್ಥ.

ದಾರಿಯ ಬದಿಯಲ್ಲಿ ಓಡಿಬರುವ ಮಕ್ಕಳಿಗೆ ಗಾಡಿಯಿಂದ ಪೆಪ್ಪರಮಿಂಟು, ಪೆನ್ನು ಎಸೆಯುವ ಅಭ್ಯಾಸ ಕೆಲವರಿಗಿದೆ. ಮೂವತ್ತು ವರ್ಷ ಶಾಲೆಯಲ್ಲಿದ್ದವನಾಗಿ ಇದನ್ನು ಕಠಿಣವಾಗಿಯೇ ನಿಷೇಧಿಸುತ್ತೇನೆ. ಪಾಠದ ಹೊತ್ತಿನಲ್ಲಿ ರಸ್ತೆಗೆ ಬಂದು ನಿಂತರೆ ಲಾಭವೆಂದು ಆ ಮಗುವಿಗೆ ಕಲಿಸಿದಂತಾಗುತ್ತದೆ. ಪುಸ್ತಕ ಪೆನ್ನುಗಳನ್ನು ಕೊಡುವ ಮನಸ್ಸಿದ್ದರೆ ಸಾರಥಿಯನ್ನು ಕೇಳಿ ಹತ್ತಿರದ ಶಾಲೆಯ ಉಪಾಧ್ಯಾಯರ ಕೈಗೆ ಮುಟ್ಟಿಸಿ.

ಊರಿಗೆ ಬಂದಮೇಲೆ ಇನ್ನೊಂದು ಕೆಲಸ ಉಳಿದಿದೆ. ಇದಕ್ಕೆ ಕಾಸು ಬೇಡ. ಕಂಪನಿಗೆ ಒಂದು ಪತ್ರ ಬರೆದು, ಸಾರಥಿಯ, ಅಡಿಗೆಯವನ, ಕಾವಲಿನವನ ಹೆಸರುಗಳನ್ನು ಹೇಳಿ, ಅವರು ಮಾಡಿದುದನ್ನು ಎರಡೆರಡು ಸಾಲಿನಲ್ಲಿ ತಿಳಿಸಿರಿ. ಮುಂದಿನ ಋತುವಿನಲ್ಲಿ ಯಾರನ್ನು ಇಟ್ಟುಕೊಳ್ಳಬೇಕೆಂದು ನೋಡುವಾಗ ಇಂಥ ಪತ್ರಗಳು ತೂಗುತ್ತವೆ. ಅವರ ಹೆಸರುಗಳು ನಮ್ಮ ಕಿವಿಗೆ ಹೊಸವಾದುದರಿಂದ ಹೊರಡುವ ಮುನ್ನವೇ ಅವರವರ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಸಿಕೊಂಡು ಬರುವುದು ಒಳ್ಳೆಯದು.